ದೇವನೂರಿನಲ್ಲಿ ನೆರೆದ ನಂಟರು

ನಮ್ಮ ಪಾಠಶಾಲೆಯ ಈ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ತಮ್ಮ ತಮ್ಮ ಊರುಮನೆಗಳ ವಿಷಯವಾಗಿ ಏನಾದರೂ ಬರೆದು ಕಳುಹಬೇಕೆಂದು ಸಂಪಾದಕವರ್ಗದವರು ಕೇಳಿಕೊಂಡಿದ್ದಾರೆ. ಲೇಖನ ಬರೆಯುವ ಅಭ್ಯಾಸ ನನಗೆ ಹೆಚ್ಚಾಗಿಲ್ಲ. ಆದರೂ ಕಳೆದ ಬೇಸಗೆಯ ರಜೆಯಲ್ಲಿ ಕಡೂರು ತಾಲ್ಲೂಕಿನ ದೇವನೂರಿನಲ್ಲಿ ನಮ್ಮ ಬಂಧುಬಳಗವೆಲ್ಲವೂ ಎರಡು ದಿನ ಒಂದೆಡೆ ಸೇರಿದ್ದಿತು. ಅಲ್ಲಿ ನಡೆದ ಒಂದು ಚರ್ಚೆಯು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಹೇಳತಕ್ಕದ್ದೆಂದು ತೋರಿದುದರಿಂದ ಅದನ್ನೇ ಬರೆಯುತ್ತೇನೆ.

ನಾವು ಸಂಕೇತಿಗಳು. ಈ ಹೆಸರನ್ನು ಕೇಳದ ವಾಚಕರೂ ಇರಬಹುದಾದಕಾರಣ ಮೊದಲು ಎರಡು ಮಾತು ಹೇಳಬೇಕು. ಪಶ್ಚಿಮ ಘಟ್ಟಗಳ ಮೂಡಣ ತಪ್ಪಲಿನಲ್ಲಿ, ಕುಟ್ರಾಲದ ಜಲಪಾತಗಳ ಸಮೀಪದಲ್ಲಿ, ಶೆಂಕೋಟೆಯೆಂಬ ಊರುಂಟು. 1956ನೆಯ ಇಸವಿಯವರೆಗೆ ಅದು ತಿರುವಾಂಕೂರಿನ ಸೀಮೆಗೆ ಸೇರಿದ್ದು, ಆ ವರುಷ ರಾಜ್ಯಗಳ ಮರುವಿಂಗಡಣೆಯಾದಾಗ ಮದರಾಸು ರಾಜ್ಯಕ್ಕೆ ಬಂದಿತು. ಈಗ ತಮಿಳುನಾಡಿನ ತೆಂಕಾಶಿ ಜಿಲ್ಲೆಯಲ್ಲಿದೆ. ಅಲ್ಲಿಂದಲೇ ನಮ್ಮ ಪೂರ್ವಿಕರು ಕನ್ನಡನಾಡಿಗೆ ಬಂದವರೆಂದು ಮನೆಮನೆಯಲ್ಲಿಯೂ ಹೇಳುವರು. ಬಂದುದಕ್ಕೆ ಕಾರಣವಾಗಿ ಹೇಳುವ ಕಥೆಯು ನಾಚಾರಮ್ಮನವರದು. ಆಕೆ ಮಹಾ ವಿದುಷಿ. ಶಾಸ್ತ್ರವಿಚಾರಗಳಲ್ಲಿ ಹೆಂಗಸೊಬ್ಬಳಿಗಿದ್ದ ತಿಳಿವನ್ನು ಸಹಿಸಲಾರದ ಊರ ಪಂಡಿತರು, ಆಕೆ ಪಂಕ್ತಿಯಲ್ಲಿ ಬಡಿಸುತ್ತಿರುವಾಗ ಆಕೆಯನ್ನು ಅವಮಾನಪಡಿಸಿದರಂತೆ. ಆಕೆ ಊರಿಗೆ ಶಾಪವಿತ್ತು ಹೊರಟುನಿಂತಳು; ಆಕೆಯ ಮಾತಿಗೆ ಬೆಲೆಗೊಟ್ಟ ಮನೆತನಗಳು ತಮ್ಮ ಗಂಟುಮೂಟೆಗಳನ್ನು ಕಟ್ಟಿಕೊಂಡು ಬೆನ್ನಹಿಂದೆಯೇ ಹೊರಟವು. ಅವಮಾನವು ಎಂತಹುದು, ಶಾಪದ ಮಾತುಗಳು ಯಾವುವು ಎಂಬುದನ್ನು ಒಂದೊಂದು ಮನೆಯಲ್ಲಿ ಒಂದೊಂದು ಬಗೆಯಾಗಿ ಹೇಳುತ್ತಾರೆ. ಆದರೆ ಮುಂದೆ ನಡೆದವಳು ಹೆಂಗಸು, ಹಿಂಬಾಲಿಸಿದವರು ಉಳಿದವರು ಎಂಬ ಮಾತು ಮಾತ್ರ ಎಲ್ಲ ಮನೆಗಳಲ್ಲಿಯೂ ಒಂದೇ. ಇದನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ಬೇಡುತ್ತೇನೆ.

ಹೀಗೆ ಹೊರಟವರಲ್ಲಿ ಕೆಲವರು ಹಾಸನದ ಬಳಿಯ ಕೌಶಿಕದಲ್ಲಿಯೂ, ಕೆಲವರು ಪಿರಿಯಾಪಟ್ಟಣ ಸೀಮೆಯ ಬೆಟ್ಟದಪುರದಲ್ಲಿಯೂ, ಕೆಲವರು ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯಲ್ಲಿಯೂ ನಿಂತರು. ಆ ಊರುಗಳ ಹೆಸರೇ ಶಾಖೆಗಳ ಹೆಸರಾಯಿತು. ಕಾವೇರಿಯ ದಡದ ರುದ್ರಪಟ್ಟಣವು ಸಂಗೀತಗಾರರ ಊರೆಂದು ಪ್ರಸಿದ್ಧವಾದುದೂ, ತುಂಗೆಯ ದಡದ ಮತ್ತೂರು ಸಂಸ್ಕೃತಕ್ಕೆ ಹೆಸರಾದುದೂ ಇದೇ ಜನರಿಂದ. ಉಳಿದ ನಮ್ಮಂತಹವರು ಅಡಕೆ, ಬಾಳೆ, ವೀಳ್ಯದೆಲೆಗಳ ತೋಟ ಮಾಡಿಕೊಂಡು ಯಾವ ಹೆಸರೂ ಇಲ್ಲದೆ ಸುಖವಾಗಿದ್ದೆವು.

ನಮ್ಮ ತಂದೆಯವರ ಮನೆತನವು ಲಿಂಗದಹಳ್ಳಿಯದು. ಹಾಗಿರುವಲ್ಲಿ ದೇವನೂರಿನಲ್ಲಿ ಸೇರಿದುದೇಕೆಂದರೆ, ಲಿಂಗದಹಳ್ಳಿಯ ಹಳೆಯ ಮನೆಯು ಪಾಲುಪಾರೀಕತ್ತಾಗಿ ಅರ್ಧವು ಪರರ ಕೈಸೇರಿದೆ. ಉಳಿದರ್ಧದಲ್ಲಿ ಮಾಡು ಸೋರುತ್ತಿದೆ. ನಮ್ಮ ಸೋದರತ್ತೆಯವರ ಯಜಮಾನರು ಹಿಂದೆ ಉಪಾಧ್ಯಾಯರಾಗಿ ದೇವನೂರಿಗೆ ಬಂದವರು, ಆ ಊರನ್ನು ಮೆಚ್ಚಿ ಅಲ್ಲಿಯೇ ತೆಂಗಿನ ತೋಟ ಮಾಡಿಕೊಂಡು ನೆಲಸಿದರು. ಅವರು ತೀರಿಕೊಂಡು ಹಲವು ವರುಷಗಳಾದರೂ ಅತ್ತೆಯವರು ಆ ಮನೆಯನ್ನು ಬಿಟ್ಟುಬಂದಿಲ್ಲ. ಮನೆ ದೊಡ್ಡದು, ಅಂಗಳ ಅದಕ್ಕಿಂತಲೂ ದೊಡ್ಡದು, ಕಡೂರಿನವರೆಗೆ ರೈಲಿನಲ್ಲಿ ಬರುವ ಅನುಕೂಲವುಂಟು. ನೀರಿನದೊಂದೇ ತೊಂದರೆ. ಮಲೆನಾಡಿನ ಸೆರಗಿನಲ್ಲಿರುವ ಲಿಂಗದಹಳ್ಳಿಯವರಿಗೆ ಕಡೂರಿನ ಬಯಲು ಸೀಮೆಯ ವೈಶಾಖವೆಂದರೆ ಏನೆಂಬುದು ಆಗಲೇ ತಿಳಿದುದು. ಟ್ಯಾಂಕರಿನಲ್ಲಿ ನೀರು ತರಿಸಿ, ಚಪ್ಪರ ಹಾಕಿಸಿ, ಎಂಬತ್ತೆರಡು ವರುಷದ ಅತ್ತೆಯವರು ನೂರನಾಲ್ವತ್ತು ಮಂದಿಯನ್ನು ಬರಮಾಡಿಕೊಂಡರು.

ಈ ಅತ್ತೆಯವರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೆಂಬುದನ್ನು ಇಲ್ಲಿ ಹೇಳಬೇಕು. ಹೆಣ್ಣುಮಗುವನ್ನು ಮಿಷನ್ನಿನವರ ವಸತಿಗೃಹಕ್ಕೆ ಕಳುಹುವುದೇ ಎಂದು ಲಿಂಗದಹಳ್ಳಿಯ ಹಿರಿಯರು ಗೊಣಗಿದ ಕಾಲವದು. ಆಗ ಅವರ ಟ್ರಂಕನ್ನು ಹೊತ್ತು ತರೀಕೆರೆಯ ರೈಲು ನಿಲ್ದಾಣದವರೆಗೆ ಬಂದು ಹತ್ತಿಸಿದವರು ಅವರ ಅಣ್ಣ, ಎಂದರೆ ನಮ್ಮ ದೊಡ್ಡಪ್ಪನವರು. ದೊಡ್ಡಪ್ಪನವರಿಗೆ ಈಗ ಎಂಬತ್ತಾರು. ಮುಂದೆ ಬರುವ ವಾಗ್ವಾದವು ಈ ಇಬ್ಬರ ನಡುವಿನದಾದುದರಿಂದ, ಇವರೊಳಗಿನ ಪ್ರೀತಿಯ ವಿಷಯವಾಗಿ ಯಾರಿಗೂ ಸಂದೇಹ ಬರಬಾರದೆಂದು ಈ ಮಾತನ್ನು ಮೊದಲೇ ಹೇಳಿಬಿಟ್ಟಿದ್ದೇನೆ.

ಮೊದಲ ದಿನ ಬೆಳಗಿನಿಂದ ಬಂದವರನ್ನು ಇವರು ಯಾರು, ಅವರು ಯಾರು ಎಂದು ಗುರುತು ಹಿಡಿಯುವುದರಲ್ಲಿಯೇ ಹೊತ್ತು ಹೋಯಿತು. ನಮ್ಮ ಮನೆಮಾತು ಸಂಕೇತಿ. ಅದರ ಬೇರು ತಮಿಳು ಮಲೆಯಾಳಗಳ ನೆಂಟು. ಕೊಂಬೆರೆಂಬೆಗಳಲ್ಲಿ ಕನ್ನಡವೂ ಸಂಸ್ಕೃತವೂ ತುಂಬಿವೆ. ಅದಕ್ಕೆ ಬೇರೆ ಲಿಪಿಯಿಲ್ಲ, ಯಾವ ಶಾಲೆಯಲ್ಲಿಯೂ ಅದನ್ನು ಕಲಿಸುವುದಿಲ್ಲ. ಬರೆಯಬೇಕಾದರೆ ಕನ್ನಡ ಅಕ್ಷರಗಳಲ್ಲಿಯೇ ಬರೆಯಬೇಕು. ಆದಕಾರಣ ತಾಯಿ ಮಗುವಿನೊಡನೆ ಆಡದಿದ್ದರೆ ಅದು ಉಳಿಯುವ ಬೇರೆ ದಾರಿಯಿಲ್ಲ. ನಮ್ಮಲ್ಲಿ ಅರುವತ್ತು ದಾಟಿದವರೆಲ್ಲರೂ ಅದನ್ನೇ ಆಡುತ್ತಿದ್ದರು. ನನ್ನ ವಯಸ್ಸಿನವರು ಹಿರಿಯರೊಡನೆ ಅದನ್ನೂ ತಮ್ಮೊಳಗೆ ಕನ್ನಡವನ್ನೂ ಆಡುತ್ತಿದ್ದೆವು. ಮಕ್ಕಳು ಕೇಳಿದರೆ ಅರ್ಥಮಾಡಿಕೊಂಡು ಕನ್ನಡದಲ್ಲಿ ಉತ್ತರ ಹೇಳುತ್ತಿದ್ದವು. ಅಮೆರಿಕದಿಂದ ಬಂದ ಹನ್ನೊಂದು ವರುಷದ ಹುಡುಗಿಯೊಬ್ಬಳಿಗೆ ಎರಡೂ ಬಾರದು. ಆಕೆ ಅತ್ತೆಯವರ ಸೆರಗು ಹಿಡಿದುಕೊಂಡೇ ಎರಡು ದಿನವೂ ತಿರುಗಿದಳು. ಯಾವ ಭಾಷೆಯಲ್ಲಿ ಇವರಿಬ್ಬರೂ ಮಾತಾಡುತ್ತಿದ್ದರೋ ಇಂದಿಗೂ ನಮಗೆ ತಿಳಿಯದು.

ನಮ್ಮ ಚಿಕ್ಕಪ್ಪನ ಮಗನೊಬ್ಬನು ಹಿಂದಿನ ವರುಷ ಶೆಂಕೋಟೆಗೆ ಹೋಗಿಬಂದಿದ್ದನು. ಅವನ ವರದಿಯನ್ನು ಕೇಳಲು ಎಲ್ಲರೂ ಕಾತರರಾಗಿದ್ದೆವು. ಶೆಂಕೋಟೆಯಿಂದ ಘಟ್ಟವನ್ನು ಹತ್ತಿ ಕೊಲ್ಲಂಗೆ ಹೋಗುವ ರೈಲುದಾರಿ 1904ರಲ್ಲಿ ತೆರೆದುದು. ಅದರ ಸುರಂಗಗಳ ಸೊಗಸನ್ನು ಅರ್ಧ ಗಂಟೆ ವರ್ಣಿಸಿದನು. ಊರಿನ ವಿಷಯವಾಗಿ ಕೇಳಿದರೆ, ಗದ್ದೆ, ತೆಂಗು, ಬೆಟ್ಟ, ದೇವಸ್ಥಾನ ಎಂದನು. ಅಂಗಡಿಯವನೊಬ್ಬನೊಡನೆ ನಮ್ಮ ಮನೆಮಾತಿನಲ್ಲಿ ಮಾತಾಡಿದನಂತೆ. ಅಂಗಡಿಯವನು ಅರ್ಧ ತಿಳಿದು ಅರ್ಧ ತಿಳಿಯದೆ, ನೀವು ಮಲೆಯಾಳದವರೋ ಎಂದು ಕೇಳಿದನಂತೆ. ಹಿರಿಯರಿಗೆ ಇದರಿಂದ ಸ್ವಲ್ಪ ನಿರಾಸೆಯಾಯಿತೆಂದು ತೋರುತ್ತದೆ. ನಾಚಾರಮ್ಮನವರು ಬಿಟ್ಟುಬಂದ ಊರಿನಲ್ಲಿ ನಮಗಾಗಿ ಯಾರಾದರೂ ಬಾಗಿಲಲ್ಲಿ ನಿಂತಿರುವರೆಂದು ಅವರು ಎಣಿಸಿದ್ದರೋ ಏನೋ.

ಮಧ್ಯಾಹ್ನದ ಊಟವಾದ ಮೇಲೆ ದೊಡ್ಡಪ್ಪನವರು ತಾವು ಆರು ವರುಷ ಕಷ್ಟಪಟ್ಟು ಸಿದ್ಧಪಡಿಸಿದ್ದ ವಂಶವೃಕ್ಷವನ್ನು ನಡುಮನೆಯ ಗೋಡೆಗೆ ತೂಗುಹಾಕಿಸಿದರು. ಬಟ್ಟೆಗೆ ಅಂಟಿಸಿದ ಕಾಗದ, ಒಂಬತ್ತು ತಲೆಮಾರು, ನೂರ ಎಪ್ಪತ್ತನಾಲ್ಕು ಹೆಸರುಗಳು, ಒಂದೊಂದೂ ಮುತ್ತಿನಂತಹ ಅಕ್ಷರಗಳಲ್ಲಿ. ಅದನ್ನು ನೋಡಿ ಎಲ್ಲರಿಗೂ ಹೆಮ್ಮೆಯಾಯಿತು. ಮಕ್ಕಳು ತಮ್ಮ ತಂದೆಯರ ಹೆಸರುಗಳನ್ನು ಹುಡುಕಿ ಬೆರಳಿಟ್ಟು ತೋರಿಸಿದರು. ಅತ್ತೆಯವರು ಕನ್ನಡಕವನ್ನು ಒರಸಿಕೊಂಡು ಬುಡದಿಂದ ತುದಿಯವರೆಗೆ ಸಾವಧಾನವಾಗಿ ನೋಡಿ, “ಅಣ್ಣಯ್ಯ, ಈ ಮರದಲ್ಲಿ ನಾನು ಎಲ್ಲಿದ್ದೇನೆ?” ಎಂದು ಕೇಳಿದರು. ಅವರು ಕೇಳಿದುದು ನಮ್ಮ ಮನೆಮಾತಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನೂರ ಎಪ್ಪತ್ತನಾಲ್ಕರಲ್ಲಿ ಒಂದೂ ಹೆಣ್ಣು ಹೆಸರಿರಲಿಲ್ಲ.

ದೊಡ್ಡಪ್ಪನವರು, “ನೀನು ನಿನ್ನ ಯಜಮಾನರ ಮನೆಯ ಮರದಲ್ಲಿರುತ್ತೀಯಮ್ಮ. ಗೋತ್ರ ಬೇರೆಯಾಯಿತಲ್ಲವೆ?” ಎಂದರು. “ಅವರ ಮನೆಯ ಮರವನ್ನೂ ನೋಡಿದ್ದೇನೆ. ಅಲ್ಲಿ ಯಜಮಾನರಿದ್ದಾರೆ, ಗಂಡುಮಕ್ಕಳಿದ್ದಾರೆ, ನಾನಿಲ್ಲ” ಎಂದು ಅತ್ತೆಯವರು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾಚಾರಮ್ಮನವರು ಯಾರ ಮನೆಯ ಮರದಲ್ಲಿದ್ದಾರೆ?” ಎಂದರು.

ಈ ಪ್ರಶ್ನೆಗೆ ತತ್‌ಕ್ಷಣ ಯಾರೂ ಉತ್ತರ ಹೇಳಲಿಲ್ಲ. ಕೆಲವರು ನಕ್ಕರು, ಒಬ್ಬಿಬ್ಬರು ಯುವಕರು ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಹಿರಿಯರನ್ನು ನೋಯಿಸುವುದೇಕೆಂದು ಗೊಣಗಿದರು. ನಮ್ಮ ಸೊಸೆಯರಲ್ಲಿ ಒಬ್ಬಳು ಮಾತ್ರ, ಸಣ್ಣ ವಿಷಯವಾದರೆ ಸೇರಿಸಿಬಿಡಬಹುದಲ್ಲ ಎಂದಳು. ದೊಡ್ಡಪ್ಪನವರಿಗೆ ನೋವಾದುದು ನಿಜ. ಆದರೆ ಅವರು ನ್ಯಾಯವಂತರು. ತಾವು ಹೆಸರುಗಳನ್ನು ಎಲ್ಲೆಲ್ಲಿಂದ ತೆಗೆದುಕೊಂಡರೆಂಬುದನ್ನು ವಿವರಿಸಿದರು. ಪುರೋಹಿತರ ಮನೆಯ ಹಳೆಯ ಪುಸ್ತಕಗಳು, ಜಮೀನಿನ ಪಹಣಿ, ಪಾಲುಪತ್ರಗಳು, ನ್ಯಾಯಸ್ಥಾನದ ಒಂದು ತೀರ್ಪಿನ ನಕಲು: ಇವುಗಳೊಳಗೆ ಆಸ್ತಿಯಿದ್ದವರ ಹೆಸರಲ್ಲದೆ ಬೇರೆ ಹೆಸರೇ ಬರುವಂತಿಲ್ಲ. ಆದುದರಿಂದ ಬಿಟ್ಟುಬಿಡಬೇಕೆಂದು ಬಿಟ್ಟುದಲ್ಲ, ಸಿಕ್ಕಲಿಲ್ಲ ಎಂದರು. ನನಗೆ ಇದು ಸರಿಯೆಂದೇ ತೋರಿತು. ಹೆಸರನ್ನು ಯಾರೂ ಅಳಿಸಲಿಲ್ಲ. ಬರೆಯುವ ಸಂದರ್ಭವೇ ಒದಗಲಿಲ್ಲ. ಅತ್ತೆಯವರು ಇದಕ್ಕೆ, “ನನ್ನ ಹೆಸರನ್ನು ಮೊಟ್ಟಮೊದಲು ಒಂದು ಪುಸ್ತಕದಲ್ಲಿ ಬರೆದವರು ಶಾಲೆಯವರು. ಹಾಜರಿಯಲ್ಲಿ ದಿನಾಲೂ ಕೂಗುತ್ತಿದ್ದರು” ಎಂದರು. ನಮ್ಮ ಶಾಲೆಯ ಹಾಜರಿ ಪುಸ್ತಕಕ್ಕೆ ಇಂತಹ ಘನತೆಯುಂಟೆಂದು ನಾನು ಅದಕ್ಕೆ ಮೊದಲು ಯೋಚಿಸಿರಲಿಲ್ಲ.

ಆಗ ದೊಡ್ಡಪ್ಪನವರಿಗೆ ಒಂದು ನೆನಪಾಯಿತು. ತರ್ಪಣದಲ್ಲಿ ತಂದೆ, ತಾತ, ಮುತ್ತಾತರಂತೆಯೇ ತಾಯಿ, ಪಿತಾಮಹಿ, ಪ್ರಪಿತಾಮಹಿಯರ ಹೆಸರುಗಳೂ ಬರುತ್ತವೆ; ತಾಯಿಯ ತವರಿನ ಕಡೆಯ ಮೂವರು ಅಜ್ಜಂದಿರೂ ಮೂವರು ಅಜ್ಜಿಯರೂ ಬರುತ್ತಾರೆ. ಎಪ್ಪತ್ತು ವರುಷಗಳಿಂದ ಪ್ರತಿ ಅಮಾವಾಸ್ಯೆಯಲ್ಲಿಯೂ ತಾವೇ ಉಚ್ಚರಿಸುತ್ತಿದ್ದ ಹೆಸರುಗಳನ್ನು ಅವರು ಕಣ್ಣುಮುಚ್ಚಿಕೊಂಡು ಹೇಳಿದರು, ಹುಡುಗನೊಬ್ಬನು ಬರೆದುಕೊಂಡನು. ಹೀಗೆ ಒಂದು ನಿಮಿಷದಲ್ಲಿ ಆರು ಮಂದಿ ಹೆಂಗಸರು ಬಂದರು. ಆದರೆ ಮೂರು ತಲೆಯಾಚೆಗೆ ಮಂತ್ರವು ಹೋಗುವುದಿಲ್ಲ. ಅಲ್ಲದೆ ಇವರೆಲ್ಲರೂ ಹೊರಗಿನಿಂದ ಬಂದ ಸೊಸೆಯರು. ಮನೆಯಲ್ಲಿ ಹುಟ್ಟಿ ಹೊರಗೆ ಹೋದ ಹೆಣ್ಣುಮಕ್ಕಳ ಗತಿಯೇನು? ಮಹಾಲಯ ಪಕ್ಷದಲ್ಲಿ ತೀರಿಕೊಂಡ ಸೋದರಿಯರಿಗೂ ಸೋದರತ್ತೆಯರಿಗೂ ತರ್ಪಣವುಂಟೆಂದು ದೊಡ್ಡಪ್ಪನವರು ಹೇಳಿದಾಗ ಅತ್ತೆಯವರು, “ಸತ್ತ ಮೇಲೆ ಮಹಾಲಯಕ್ಕೆ ಬರುತ್ತೇನೆ, ಅಣ್ಣಯ್ಯ. ಬದುಕಿರುವಾಗ ಕಾಗದಕ್ಕೆ ಬರಬಾರದೆ?” ಎಂದರು. ಈ ಬಾರಿ ದೊಡ್ಡಪ್ಪನವರೂ ನಕ್ಕುಬಿಟ್ಟರು.

ಉಳಿದ ಹೆಸರುಗಳು ಸಿಕ್ಕ ಸ್ಥಳವನ್ನು ವಾಚಕರು ಊಹಿಸಲಾರರು. ಇಷ್ಟು ಮಂದಿಗೆ ಅಡಿಗೆಯಾಗಬೇಕಾದುದರಿಂದ ನಾಲ್ಕಾರು ಮನೆಗಳಿಂದ ಹಂಡೆ, ಕೊಪ್ಪರಿಗೆ, ತಪ್ಪಲೆ, ಬೋಗುಣಿಗಳನ್ನು ತರಿಸಿದ್ದರು. ನಮ್ಮ ಕಡೆಯಲ್ಲಿ ಮದುವೆಗೆ ಬಳುವಳಿಯಾಗಿ ಕೊಡುವ ಪಾತ್ರೆಗಳ ಮೇಲೆ ಹುಡುಗಿಯ ಹೆಸರನ್ನು ಚುಕ್ಕೆಚುಕ್ಕೆಯಾಗಿ ಕೊರೆಸುವ ಪದ್ಧತಿಯು ಎಲ್ಲರಿಗೂ ತಿಳಿದುದೇ. ಆ ಸಂಜೆ ಹಿತ್ತಲಿನಲ್ಲಿ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದರು. ಯಾವುದು ಯಾರ ಮನೆಯದೆಂದು ವಿಂಗಡಿಸಲು ಅತ್ತೆಯವರು ಹುಡುಗಿಯರಿಂದ ಹೆಸರುಗಳನ್ನು ಓದಿಸುತ್ತಿದ್ದಾಗ, ಅವುಗಳಲ್ಲಿ ಕೆಲವು ಯಾರಿಗೂ ಗುರುತಿಲ್ಲದ ಹೆಸರುಗಳಾಗಿದ್ದವು. ಹುಣಿಸೆಹಣ್ಣು ಹಾಕಿ ಉಜ್ಜಿ, ದೀಪ ಹಿಡಿದು, ಮೊಬೈಲಿನಲ್ಲಿ ಚಿತ್ರ ತೆಗೆದು, ಒಂದೊಂದನ್ನೂ ಓದಿದರು. ದೊಡ್ಡಪ್ಪನವರೂ ಕುರ್ಚಿ ಹಾಕಿಸಿಕೊಂಡು ಹಿತ್ತಲಿಗೇ ಬಂದು ಕುಳಿತರು. ನನಗೆ ತಿಳಿದಮಟ್ಟಿಗೆ ಅವರು ಮುಸುರೆಯ ಕಟ್ಟೆಯ ಬಳಿ ಕುಳಿತುದು ಅದೇ ಮೊದಲು.

ಒಂದು ಹಿತ್ತಾಳೆಯ ಕೊಪ್ಪರಿಗೆಯ ಕಂಠದಲ್ಲಿ ಹೆಸರಿನೊಡನೆ ಪ್ರಭವ ಸಂವತ್ಸರವೆಂದು ಕೊರೆದಿತ್ತು. ಪ್ರಭವವು 1867ರಲ್ಲಿಯೂ ಬಂದಿತ್ತು, 1927ರಲ್ಲಿಯೂ ಬಂದಿತ್ತು. ಯಾವುದೆಂದು ಎರಡು ಗಂಟೆ ವಾದವಾಯಿತು. ಕೊನೆಗೆ ಆ ಕೊಪ್ಪರಿಗೆಯನ್ನು ಕಳುಹಿದ ಮನೆಯ ಮುದುಕಿಯೊಬ್ಬರು, ಅದು ತಮ್ಮ ಅಜ್ಜಿಗೆ ಅವರ ಅತ್ತೆಯಿಂದ ಬಂದುದು, ಆ ಅತ್ತೆ ಲಿಂಗದಹಳ್ಳಿಯ ಹುಡುಗಿ ಎಂದು ಹೇಳಿದರು. ಹಾಗಾದರೆ 1867ನೆಯದೇ ಸರಿ. ಮರದಲ್ಲಿ ಇಬ್ಬರು ಅಣ್ಣತಮ್ಮಂದಿರೆಂದು ತೋರಿಸಿದ್ದ ಕೊಂಬೆಯಲ್ಲಿ ಒಬ್ಬ ತಂಗಿಯೂ ಇದ್ದಳೆಂಬುದು ಹೀಗೆ ತಿಳಿಯಬಂದಿತು. ಆಕೆಯ ವಿಷಯವಾಗಿ ಆಸ್ತಿಪತ್ರಗಳು ಒಂದಕ್ಷರವನ್ನೂ ಹೇಳುವುದಿಲ್ಲ. ಆಕೆಗೆ ಕೊಟ್ಟ ಕೊಪ್ಪರಿಗೆಯಲ್ಲಿ ಅಂದು ನೂರನಾಲ್ವತ್ತು ಜನಕ್ಕೆ ಹುಳಿ ಬೆಂದಿತ್ತು. ಎರಡು ದಿನಗಳಲ್ಲಿ ಇಪ್ಪತ್ತಮೂರು ಹೆಸರುಗಳು ದೊರೆತವು. ಅವು ನಮ್ಮ ಮನೆಯ ಕಾಗದದಲ್ಲಿರತಕ್ಕವು. ಪರರಿಗೆ ಬರಿಯ ಅಕ್ಷರಗಳಾದುದರಿಂದ ಇಲ್ಲಿ ಬರೆಯುವುದಿಲ್ಲ. ಒಂದು ತಪ್ಪಲೆಯ ಮೇಲಣ ಹೆಸರನ್ನು ಮಾತ್ರ ಯಾವ ಮನೆಯವರೂ ತಮ್ಮದೆನ್ನಲಿಲ್ಲ.

ರಾತ್ರಿ ಚಪ್ಪರದಲ್ಲಿ ಗಮಕವಾಚನವಾಯಿತು. ದೇವನೂರೆಂದ ಮೇಲೆ ಲಕ್ಷ್ಮೀಶನನ್ನು ಬಿಡುವುದುಂಟೆ? ಜೈಮಿನಿ ಭಾರತದ ಕವಿ ಕೊಂಡಾಡುವ ದೇವಪುರದ ಲಕ್ಷ್ಮೀರಮಣನು ಈ ಊರಿನ ಲಕ್ಷ್ಮೀಕಾಂತಸ್ವಾಮಿಯೇ ಎಂಬುದು ಹಲವು ವಿದ್ವಾಂಸರ ಮತ. ಊರಿನವರಿಗಂತೂ ಅದರಲ್ಲಿ ಸಂದೇಹವೇ ಇಲ್ಲ. ಮಿಷನ್ ಶಾಲೆಯ ನಮಗೂ ಈ ಕಾವ್ಯದ ನೆಂಟು ಇಲ್ಲದಿಲ್ಲ: ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಎಂಬ ಪಾದ್ರಿಗಳು 1852ರಲ್ಲಿ ಇದರ ಭಾಗವನ್ನು ಇಂಗ್ಲಿಷ್ ಅನುವಾದದೊಡನೆಯೂ ಟಿಪ್ಪಣಿಗಳೊಡನೆಯೂ ಬೆಂಗಳೂರಿನಲ್ಲಿ ಅಚ್ಚುಹಾಕಿಸಿದರು. ಓದಿದವರು ಹೊಸಹಳ್ಳಿಯ ಕಡೆಯ ನಮ್ಮ ನಂಟರೊಬ್ಬರು. ಮತ್ತೂರಿನ ಎದುರುದಡದ ಹೊಸಹಳ್ಳಿಯು ಗಮಕಿಗಳ ಊರು, ಅಲ್ಲಿನ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದುದು ವಾಚಕರಿಗೆ ತಿಳಿದಿರಬಹುದು.

ಯಾವ ಭಾಗವನ್ನು ಓದಬೇಕೆಂದು ಕೇಳಿದಾಗ ಚಂದ್ರಹಾಸನ ಕಥೆಯೆಂದು ಮಕ್ಕಳು ಕೂಗಿದರು. ಅತ್ತೆಯವರು ಬಭ್ರುವಾಹನನ ಸಂಧಿಯನ್ನು ಓದಬೇಕೆಂದರು. ಮಣಿಪುರದಲ್ಲಿ ತಾಯಿ ಚಿತ್ರಾಂಗದೆಯ ಬಳಿ ಬೆಳೆದ ಬಭ್ರುವಾಹನನು, ಯಜ್ಞದ ಕುದುರೆಯ ಬೆನ್ನಹಿಂದೆ ಬಂದ ಅರ್ಜುನನನ್ನು ತಂದೆಯೆಂದು ತಿಳಿದು ಕಾಣಿಕೆಗಳೊಡನೆ ಇದಿರುಗೊಂಡು ಕಾಲಿಗೆ ಬೀಳುತ್ತಾನೆ. ಅರ್ಜುನನು ಅವನನ್ನು ಮಗನೆಂದು ಒಪ್ಪದೆ ತಾಯಿಯನ್ನೂ ಸೇರಿಸಿ ಹೀಯಾಳಿಸುತ್ತಾನೆ. ಅದರಿಂದಲೇ ಯುದ್ಧವಾಗಿ ಅರ್ಜುನನ ತಲೆ ಉರುಳುತ್ತದೆ. ತಾಯಿಯ ಕಡೆಯ ಸಂಬಂಧವನ್ನು ಲೆಕ್ಕಕ್ಕೆ ಹಿಡಿಯದವನ ಪಾಡು ಏನಾಯಿತೆಂದು ದೊಡ್ಡಪ್ಪನವರಿಗೆ ತಿಳಿಸಲೆಂದೇ ಅತ್ತೆಯವರು ಆ ಸಂಧಿಯನ್ನು ಆರಿಸಿದರೋ, ಅಥವಾ ಅದು ಅವರಿಗೆ ಮೊದಲಿಂದಲೂ ಪ್ರಿಯವಾದುದೋ ಹೇಳಲಾರೆ. ಹಿರಿಯ ಹೆಂಗಸರಿಗೆಲ್ಲ ಅದು ಬಾಯಿಪಾಠ. ಗಮಕಿಗಳು ಒಂದು ಕಡೆ ತಡೆದಾಗ ಮೂಲೆಯಿಂದ ಮೂರು ದನಿಗಳು ಮುಂದಿನ ಚರಣವನ್ನು ಎತ್ತಿಕೊಟ್ಟವು. ಶೆಂಕೋಟೆಯಿಂದ ಬಂದವರ ಮನೆಯಲ್ಲಿ, ಮನೆಮಾತು ಬೇರೆಯಾದವರ ಬಾಯಲ್ಲಿ, ವಾರ್ಧಕ ಷಟ್ಪದಿಯು ಹೀಗೆ ಬೇರೂರಿದುದನ್ನು ಕಂಡಾಗ ನನಗೆ ಆದ ಸಂತೋಷವು ಶೆಂಕೋಟೆಯ ವರದಿಯಿಂದ ಆದುದಕ್ಕಿಂತ ಹೆಚ್ಚಿನದು.

ನಮ್ಮ ಮನೆತನದ ಮಾತನ್ನೇ ಇಷ್ಟು ಹೇಳಿದೆನೆಂದು ಸೋದರಿಯರು ಬೇಸರಪಡಬಾರದು. ವಸತಿಗೃಹದಲ್ಲಿ ನಮ್ಮೊಡನಿದ್ದವರನ್ನು ನೆನೆದುಕೊಂಡರೆ, ಇಂತಹ ಒಂದು ದಾರಿಯನ್ನು ಹಿಂದೆ ಇಟ್ಟುಕೊಂಡು ಬಾರದವರು ಎಷ್ಟು ಮಂದಿ? ಕೊಂಕಣಿ ಆಡುತ್ತಿದ್ದ ಕ್ರೈಸ್ತ ಹುಡುಗಿಯರ ಹಿರಿಯರು ಗೋವೆಯಿಂದ ಮಂಗಳೂರಿನ ಸೀಮೆಗೆ ಬಂದು, 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋಗಿ, 1799ರ ಮೇಲೆ ಬಿಡುಗಡೆಯಾಗಿ ಉಳಿದವರು. ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ತಮಿಳು ನಾಡಿನಿಂದ ಬಂದ ಆಳುಗಳ ಮಕ್ಕಳಿದ್ದರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿದ ಮೇಲೆ ನಾನಾ ಕಡೆಗಳಿಂದ ಬಂದು ನೆಲಸಿದ ಕುಟುಂಬಗಳ ಹುಡುಗಿಯರಿದ್ದರು. ತಾಂಡೆಯಿಂದ ಬಂದ ಲಂಬಾಣಿ ಹುಡುಗಿಯೊಬ್ಬಳು ನನ್ನ ಪಕ್ಕದ ಹಾಸಿಗೆಯವಳು. ರಾತ್ರಿ ದೀಪ ಆರಿದ ಮೇಲೆ ಕನಸಿನಲ್ಲಿ ಒಬ್ಬೊಬ್ಬಳೂ ತನ್ನ ತಾಯಿಯ ಮಾತಿನಲ್ಲಿ ಬಡಬಡಿಸುತ್ತಿದ್ದಳು. ತಂದೆಯ ಮಾತಿನಲ್ಲಿ ಎಂದು ಯಾರೂ ಹೇಳುವುದಿಲ್ಲವಷ್ಟೆ.

ಅಮೆರಿಕದಿಂದ ಬಂದ ಹುಡುಗಿಯ ತಂದೆಯು ಒಂದು ಸಂಗತಿಯನ್ನು ಹೇಳಿದನು. 1620ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ ಅಲ್ಲಿಗೆ ಹೋದ ನೂರ ಎರಡು ಮಂದಿಯ ಸಂತತಿಯವರದೊಂದು ಸಂಘವು 1897ರಿಂದ ಅಲ್ಲಿ ನಡೆದುಬಂದಿದೆ. ಅದರಲ್ಲಿ ಸೇರಬೇಕಾದರೆ ತಲೆತಲೆಗೂ ದಾಖಲೆ ತೋರಿಸಬೇಕು; ಆದರೆ ಮಗನ ಮೂಲಕ ಬಂದರೂ ಮಗಳ ಮೂಲಕ ಬಂದರೂ ಒಂದೇ ಲೆಕ್ಕವಂತೆ. ಇದನ್ನು ಕೇಳಿ ದೊಡ್ಡಪ್ಪನವರು, “ಹಾಗೆ ಮಾಡಿದರೆ ಕಾಗದ ಸಾಲುವುದಿಲ್ಲವಲ್ಲಯ್ಯ” ಎಂದರು. ಅದೂ ನಿಜವೇ. ಹೆಣ್ಣುಮಕ್ಕಳನ್ನೂ ಅವರ ಮಕ್ಕಳನ್ನೂ ಸೇರಿಸಿದರೆ ನಾಲ್ಕು ತಲೆಯೊಳಗೆ ಅರ್ಧ ಜಿಲ್ಲೆಯೇ ನಮ್ಮ ಮರವನ್ನೇರುವುದು. ಅದರೊಳಗೆ ಬೆಟ್ಟದಪುರದವರು ಬರುವರು, ಕೌಶಿಕದವರು ಬರುವರು, ಇತ್ತೀಚೆಗೆ ಬೇರೆ ಜಾತಿ ಬೇರೆ ದೇಶಗಳವರೂ ಬರುವರು. ಹಿಂದೆ ಶಾಖೆಶಾಖೆಗಳೊಳಗೆಯೇ ಹೆಣ್ಣು ಕೊಟ್ಟು ತರುವುದು ಅಪರೂಪವಾಗಿತ್ತು. ಬೇಡವೆನ್ನುವವರ ಭಯಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ. ಬಾಯಿಬಿಟ್ಟು ಹಾಗೆಂದು ಯಾರೂ ಹೇಳಲಿಲ್ಲ. ಮದುವೆಯ ಕಾರ್ಯವೊಂದರಿಂದ ಹತ್ತು ವರುಷ ಮನೆಯ ಹೊಸ್ತಿಲು ತುಳಿಯದಿದ್ದ ನನ್ನ ದೊಡ್ಡಪ್ಪನ ಮೊಮ್ಮಗಳೊಬ್ಬಳು ಅಂದು ಗಂಡನೊಡನೆ ಬಂದು ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಗಂಡನು ನಮ್ಮವನಲ್ಲ. ಅತ್ತೆಯವರು ಪ್ರಶ್ನೆ ಕೇಳಿದಾಗ ಅವಳ ಮುಖವನ್ನು ನಾನು ನೋಡಿದೆನು.

ಎರಡನೆಯ ದಿನ ಸಂಜೆ ದೊಡ್ಡಪ್ಪನವರು ಗೋಡೆಯಿಂದ ವಂಶವೃಕ್ಷವನ್ನು ಇಳಿಸಿಸಿ, ಸೀಸದ ಕಡ್ಡಿಯಿಂದ ತಮ್ಮ ಹೆಸರಿನ ಪಕ್ಕದಲ್ಲಿ ಒಂದು ಗೆರೆಯೆಳೆದು ತಂಗಿಯ ಹೆಸರನ್ನು ಬರೆದರು. ಅನಂತರ ಕೆಳಗೆ ಬಂದು ಆ ಮೊಮ್ಮಗಳನ್ನು ಕರೆದು, “ನಿನ್ನ ಯಜಮಾನರ ಹೆಸರನ್ನು ಹೇಗೆ ಬರೆಯಬೇಕು, ಹೇಳಮ್ಮ” ಎಂದರು. ಅವಳು ಹೇಳಿದಳು. ದೊಡ್ಡಪ್ಪನವರು ಕಾಗುಣಿತವನ್ನು ಎರಡು ಬಾರಿ ಕೇಳಿ ಬರೆದುಕೊಂಡರು. ಎಲ್ಲರೂ ಇದನ್ನು ಒಪ್ಪಿದರೆಂದು ಹೇಳಲಾರೆ. ಒಬ್ಬರು ಊಟಕ್ಕೆ ನಿಲ್ಲದೆ ಕಡೂರಿನ ಬಸ್ಸಿಗೆ ಹೊರಟುಹೋದರು.

ಹೊಸ ಪಟವನ್ನು ಈಗ ಮೂರು ಹಾಳೆಗಳಲ್ಲಿ ಬರೆಯುತ್ತಿದ್ದಾರೆ. ಬುಡದಲ್ಲಿ, ಗೋತ್ರಪುರುಷರಿಗಿಂತ ಕೆಳಗೆ, ನಾಚಾರಮ್ಮನವರ ಹೆಸರನ್ನು ಹಾಕುವುದೆಂದು ನಿಶ್ಚಯವಾಗಿದೆ. ಮುಂದಿನ ಕೂಟವು ಲಿಂಗದಹಳ್ಳಿಯ ಹಳೆಯ ಮನೆಯ ಮಾಡನ್ನು ರಿಪೇರಿ ಮಾಡಿಸಿ ಅಲ್ಲಿಯೇ ಆಗತಕ್ಕದ್ದು. ದೊಡ್ಡಪ್ಪನವರು ಮನೆಮನೆಗೂ ಕಾರ್ಡು ಬರೆದು, ತಾಯಿಯ ತಾಯಿಯ ಹೆಸರು, ಆಕೆಯ ತವರೂರು, ಮದುವೆಗೆ ಮೊದಲಿದ್ದ ಹೆಸರು ಬೇರೆಯಾಗಿದ್ದರೆ ಅದು, ಇವುಗಳನ್ನು ತಿಳಿಸಬೇಕೆಂದು ಕೇಳುತ್ತಿದ್ದಾರೆ. ನನಗೂ ಒಂದು ಕಾರ್ಡು ಬಂದಿತು. ನನ್ನ ತಾಯಿಯವರನ್ನು ಕೇಳಿದರೆ ಅವರಿಗೆ ತಮ್ಮ ಅಜ್ಜಿಯ ಗಂಡನ ಮನೆಯ ಹೆಸರು ಮಾತ್ರ ಗೊತ್ತು. ಹುಟ್ಟಿದ ಮನೆಯಲ್ಲಿ ಏನೆಂದು ಕರೆಯುತ್ತಿದ್ದರೋ ಗೊತ್ತಿಲ್ಲ. ಬೆಟ್ಟದಪುರದ ಕಡೆಯ ತಮ್ಮ ದೊಡ್ಡಮ್ಮನ ಮಗಳಿಗೆ ಹೋದ ವಾರ ಕಾಗದ ಬರೆದಿದ್ದಾರೆ. ಇನ್ನೂ ಉತ್ತರ ಬಂದಿಲ್ಲ.